ಕಿರುಚಕ್ಕ ಮಾತಿಗಿಳಿದದ್ದು

ಹೊರದೇಶದ ಸಿನಿಮಾದಲ್ಲಿ ಸೇತುವೆ ಮುರಿದು ಬಿದ್ದರೂ, ಹಡಗು ಮುಳುಗಿದರೂ, ವಿಮಾನದ ರೆಕ್ಕೆಗೆ ಬೆಂಕಿ ಹತ್ತಿದರೂ ನಮ್ಮ ಭಾಷೆಯಲ್ಲಿ ಅದಕ್ಕೆಲ್ಲ ಹೋದ ವರ್ಷದವರೆಗೆ ಕಿರುಚುತ್ತಿದ್ದವಳು ಒಬ್ಬಳೇ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿದೆ, ಆದರೆ ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಅದು ಯಾರ ನಾಲಿಗೆಗೂ ಬರುವುದಿಲ್ಲ. ಎಲ್ಲರಿಗೂ ಅವಳು ಕಿರುಚಕ್ಕ. ನಾನು ಗಾಜಿನ ಈಚೆ ಕೂತು ದನಿ ಹಿಡಿಯುವವನು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಆದರೂ ಅವಳು ನನ್ನನ್ನು ಕರೆಯುವುದು ಗಾಜಣ್ಣ ಎಂದು. ಹೀಗಾಗಿ ನಮ್ಮಿಬ್ಬರಲ್ಲಿ ಯಾರು ದೊಡ್ಡವರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಸ್ಟುಡಿಯೋ ಇರುವುದು ಒಂದು ಟೈರಿನಂಗಡಿಯ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಗುರ್ ಎಂದರೆ ನಾವು ಮೇಲೆ ಕೆಲಸ ನಿಲ್ಲಿಸಿ ಚಹಾ ಕುಡಿಯುತ್ತೇವೆ. ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದ ಕೋಣೆ, ಒಂದು ಮೈಕು, ಹಾಳೆ ಇಟ್ಟುಕೊಳ್ಳಲು ಒಂದು ಸ್ಟ್ಯಾಂಡು, ಎದುರಿಗೆ ಪರದೆ. ಫ್ಯಾನು ಹಾಕಿದರೆ ಸದ್ದು, ಹಾಕದಿದ್ದರೆ ಬೆವರು. ಅಲ್ಲಿ ನಿಂತು ಅವಳು ಕಿರುಚುತ್ತಿದ್ದಳು.

ಕಿರುಚುವುದೆಂದರೆ ಬಾಯಿ ಬಿಡುವುದು ಎಂದುಕೊಂಡವರು ಒಮ್ಮೆ ಬಂದು ನೋಡಬೇಕಿತ್ತು. ಓಡುತ್ತ ಕಿರುಚುವುದಿದ್ದರೆ ನಿಂತಲ್ಲೇ ಎದೆಗೆ ಗುದ್ದಿಕೊಳ್ಳುತ್ತಿದ್ದಳು, ದನಿ ಕುಲುಕಲಿ ಎಂದು. ಎತ್ತರದಿಂದ ಬೀಳುವುದಿದ್ದರೆ ಮುಖವನ್ನು ಮೈಕಿನಿಂದ ನಿಧಾನವಾಗಿ ಪಕ್ಕಕ್ಕೆ ತಿರುಗಿಸುತ್ತ ಹೋಗುತ್ತಿದ್ದಳು. ಕೇಳುವವರಿಗೆ ಆಕೆ ಕೆಳಗೆ, ಇನ್ನೂ ಕೆಳಗೆ ಹೋದಂತಾಗುತ್ತಿತ್ತು. ಯಾವುದಾದರೂ ಪ್ರಾಣಿಯ ಬಾಯಿಗೆ ಬೀಳುವುದಿದ್ದರೆ ಕೊನೆಯಲ್ಲಿ ಬಾಯಿಗೆ ಅಂಗೈ ಅಡ್ಡ ಹಿಡಿದು ದನಿ ಅಡಗಿಸುತ್ತಿದ್ದಳು. ಇಷ್ಟು ಮಾಡಿ, ಹಣೆ ಒರೆಸಿಕೊಂಡು, "ಗಾಜಣ್ಣ, ನಾನು ಸತ್ನಾ?" ಎಂದು ಕೇಳುತ್ತಿದ್ದಳು. "ಸತ್ತೆ ಕಣಕ್ಕ, ಚೆನ್ನಾಗಿ ಸತ್ತೆ" ಎಂದು ನಾನು ಹೇಳಿದ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದಳು.

ಮನೆಯಲ್ಲಿ ಮಾತ್ರ ಅವಳ ದನಿ ಪಕ್ಕದ ಕೋಣೆಗೂ ದಾಟುವುದಿಲ್ಲ. ಗಂಡ ಲಿಫ್ಟು ರಿಪೇರಿ ಮಾಡುವವನು, ತಾನಾಯಿತು ತನ್ನ ಸ್ಪ್ಯಾನರಾಯಿತು ಎನ್ನುವ ಮನುಷ್ಯ. ಅವನನ್ನು ಊಟಕ್ಕೆ ಕರೆಯುವುದಕ್ಕೂ ಅವಳು ತಟ್ಟೆಯ ಮೇಲೆ ಚಮಚ ಬಡಿಯುತ್ತಾಳೆ. ಅತ್ತೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡವರಲ್ಲ. ನೆರೆಮನೆಯಾಕೆ ಒಮ್ಮೆ, "ನಿಮ್ಮ ಸೊಸೆ ಎಷ್ಟು ಮೆತ್ತಗೆ ಮಾತಾಡ್ತಾಳೆ ನೋಡಿ" ಎಂದದ್ದಕ್ಕೆ, "ಸಂಬಳಕ್ಕೆ ಕಿರುಚೋಳು ಪುಕ್ಕಟೆ ಯಾಕಮ್ಮ ಕಿರುಚ್ತಾಳೆ?" ಎಂದರಂತೆ. ಅತ್ತೆ ಸೊಸೆ ಇಬ್ಬರೂ ಕೂಡಿಕೊಂಡು ಇದನ್ನು ನನಗೆ ಹೇಳಿ ನಕ್ಕಿದ್ದರು.

ಹೋದ ವರ್ಷ ಅವಳ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ದನಿ ಇಲ್ಲ, ಬಿಸಿನೀರು ಕುಡಿದು ಕಾದರೆ ಮಧ್ಯಾಹ್ನದ ಹೊತ್ತಿಗೆ ಗೊರಗೊರ ಎಂದು ಬರುತ್ತಿತ್ತು. ಗಂಟಲ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಧ್ವನಿತಂತುಗಳ ಮೇಲೆ ಎದ್ದಿದ್ದ ಗಂಟುಗಳನ್ನು ಪರದೆಯ ಮೇಲೆ ತೋರಿಸಿದರು. ಮಾತಾಡಿ, ನಿಧಾನವಾಗಿ ಎಷ್ಟು ಬೇಕಾದರೂ ಮಾತಾಡಿ, ಕಿರುಚಬೇಡಿ ಎಂದರು. ಕಿರುಚುತ್ತಲೇ ಇದ್ದರೆ ಮಾತೂ ಇರುವುದಿಲ್ಲ ಎಂದೂ ಹೇಳಿದರು. ಅವಳು ಅಲ್ಲಿಂದ ಮನೆಗೆ ಹೋಗಲಿಲ್ಲ, ನೇರವಾಗಿ ಸ್ಟುಡಿಯೋಗೆ ಬಂದಳು.

ನಮ್ಮ ಡಬ್ಬಿಂಗ್ ನಿರ್ದೇಶಕರನ್ನು ಮೇಷ್ಟ್ರು ಎನ್ನುತ್ತೇವೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಬೈಯುವ ಶೈಲಿಗೆ ಸಿಕ್ಕಿದ ಬಿರುದು ಅದು. ಅವರ ಮುಂದೆ ನಿಂತು ಕಿರುಚಕ್ಕ ಹೇಳಿದಳು: "ಮೇಷ್ಟ್ರೇ, ಇನ್ಮೇಲೆ ನಾನು ಕಿರುಚೋದಿಲ್ಲ. ಮಾತಿನ ಪಾತ್ರ ಕೊಡಿ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಮಾತಾಡೋರು ನನ್ನ ಹತ್ರ ಬೇಕಾದಷ್ಟು ಜನ ಇದಾರಮ್ಮ. ಕಿರುಚೋಳು ನೀನೊಬ್ಬಳೇ."

"ಹಂಗಾದ್ರೆ ಒಬ್ಬಳೂ ಇಲ್ಲ ಅಂತ ತಿಳ್ಕೊಳ್ಳಿ."

ಜಗಳವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಮೇಷ್ಟ್ರು ಆಗಷ್ಟೇ ದೊಡ್ಡ ಕೆಲಸವೊಂದನ್ನು ಒಪ್ಪಿಕೊಂಡು ಕೂತಿದ್ದರು. ಸಮುದ್ರದ ತಳದಿಂದ ಎದ್ದು ಬಂದ ಬೆಟ್ಟದಂಥ ಪ್ರಾಣಿಯೊಂದು ಊರೂರನ್ನೇ ಮೆಟ್ಟಿ ನುಚ್ಚುನೂರು ಮಾಡುವ ಸಿನಿಮಾ. ಲೋಕವೆಲ್ಲ ಕಾಯುತ್ತಿದೆ ಎಂದು ಜಾಹೀರಾತು. ಅದರಲ್ಲಿ ಮುಖ್ಯ ಹೆಂಗಸೊಬ್ಬಳಿದ್ದಾಳೆ, ವಿಜ್ಞಾನಿ. ಆ ಪಾತ್ರಕ್ಕೆ ಗೊತ್ತಾಗಿದ್ದವಳು ಹೆರಿಗೆಗೆ ಹೋಗಿದ್ದಳು. "ಇದನ್ನ ಮಾಡು. ಆ ಹೆಂಗಸು ಪರದೆ ಮೇಲೆ ಜೀವ ತಳೆದು ನಿಂತಳು ಅನ್ನಿಸಿದ್ರೆ, ಮುಂದಿನ ತಿಂಗಳು ಶುರುವಾಗೋ ಡಬ್ಬಿಂಗ್ ಧಾರಾವಾಹೀಲಿ ಅತ್ತಿಗೆ ಪಾತ್ರ ನಿಂದೇ. ವರ್ಷಗಟ್ಟಲೆ ಮಾತು. ನಿಲ್ಲಲಿಲ್ಲ ಅಂದ್ರೆ ಮತ್ತೆ ನನ್ನ ಹತ್ರ ಮಾತಿನ ಮಾತೆತ್ತಬಾರದು" ಎಂದರು. ಗಂಟಲನ್ನು ಉಳಿಸಿಕೊಂಡು ಈ ಕೆಲಸದಲ್ಲೇ ಇರಲು ಅವಳಿಗಿದ್ದ ದಾರಿ ಅದೊಂದೇ. ಆಗಲಿ ಎಂದಳು.

ಮೊದಲ ದಿನವೇ ಎಡವಟ್ಟಾಯಿತು. ವಿಜ್ಞಾನಿ ದೊಡ್ಡ ಮೇಜಿನ ಹಿಂದೆ ನಿಂತು, "ಅದು ನಾವಂದುಕೊಂಡಿದ್ದಕ್ಕಿಂತ ದೊಡ್ಡದು" ಎನ್ನಬೇಕು. ಕಿರುಚಕ್ಕ ಚೆನ್ನಾಗಿಯೇ ಶುರುಮಾಡಿದಳು, ಆದರೆ ವಾಕ್ಯದ ತುದಿಗೆ ಬಂದಂತೆ ಅವಳ ಮುಖ ತಾನೇ ತಾನಾಗಿ ಮೈಕಿನಿಂದ ಪಕ್ಕಕ್ಕೆ ಹೊರಳಿತು. ಇನ್ನೊಮ್ಮೆ ಮಾಡಿಸಿದೆ, ಮತ್ತೆ ಹೊರಳಿತು. ಅಷ್ಟು ವರ್ಷ ಕಟ್ಟಡದಿಂದ ಬಿದ್ದೂ ಬಿದ್ದೂ ಕುತ್ತಿಗೆಗೆ ಅದೇ ರೂಢಿಯಾಗಿಬಿಟ್ಟಿತ್ತು.

"ಅಕ್ಕ, ಈಯಮ್ಮ ಎಲ್ಲಿಂದಲೂ ಬೀಳ್ತಾ ಇಲ್ಲ. ನೆಲದ ಮೇಲೇ ನಿಂತಿದಾಳೆ" ಎಂದೆ.

"ಗೊತ್ತು ಕಣೋ. ಕುತ್ತಿಗೆಗೆ ಯಾರು ಹೇಳ್ತಾರೆ?"

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅವಳು ಸಪ್ಪಗಾಗಲಿಲ್ಲ. ಮನೆಗೆ ಹೋಗಿ ಗೋಡೆಗೆ ಒಂದು ಬಟನ್ನು ಅಂಟಿಸಿ, ಅದರತ್ತ ಮುಖ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಮಾತಾಡತೊಡಗಿದಳು. ತರಕಾರಿ ಹೆಚ್ಚುತ್ತ ಪಕ್ಕದಲ್ಲಿ ಕೂತ ಅತ್ತೆ, ಮುಖ ಕೂದಲೆಳೆಯಷ್ಟು ಹೊರಳಿದರೂ "ತಲೆ!" ಎನ್ನುತ್ತಿದ್ದರು. ಗಂಡ ಕೆಲಸದಿಂದ ಬಂದಾಗ ಅವಳು ಗೋಡೆಯೊಂದಿಗೆ ನೀರಿನ ನಲ್ಲಿಯ ವಿಷಯ ಮಾತಾಡುತ್ತಿದ್ದಳಂತೆ. ಅವನು ಸುಮ್ಮನೆ ಹೋಗಿ ನಲ್ಲಿ ಸರಿಮಾಡಿದನಂತೆ. ಒಂದೇ ವಾರದಲ್ಲಿ ಕುತ್ತಿಗೆ ಹದಕ್ಕೆ ಬಂತು.

ಕುತ್ತಿಗೆ ನೆಟ್ಟಗಾದ ಮೇಲೆ ಪಾತ್ರದ ಸೊಟ್ಟ ಕಾಣಿಸಿತು. ಈ ಸಿನಿಮಾದ ಬಗ್ಗೆ ನನಗಿರುವ ಸಿಟ್ಟನ್ನು ಇಲ್ಲೇ ತೀರಿಸಿಕೊಂಡುಬಿಡುತ್ತೇನೆ. ಪ್ರಾಣಿ ಏನೋ ಅದ್ಭುತವಾಗಿಯೇ ಇತ್ತು. ಅದರ ಬೆನ್ನಿನ ಒಂದೊಂದು ಚಿಪ್ಪಿನ ಮೇಲೂ ನೀರು ಬೇರೆ ಬೇರೆ ರೀತಿ ಇಳಿಯುತ್ತಿತ್ತು. ಅದಕ್ಕೆ ಬಾಲ್ಯವಿತ್ತು, ಕಳೆದುಹೋದ ತಾಯಿಯಿದ್ದಳು, ಹಳೆಯ ಗಾಯವೊಂದಿತ್ತು. ಮನುಷ್ಯರಿಗೆ ಏನೂ ಇರಲಿಲ್ಲ. ವಿಜ್ಞಾನಿ ಎಂದರೆ ಬಿಳಿ ಕೋಟು, ಅಷ್ಟೇ. ಆಕೆಯನ್ನು ಬಿಟ್ಟುಹೋದ ಗಂಡ ಸೈನಿಕ; ಸೇತುವೆಯ ಮೇಲೆ ಸಿಕ್ಕಿದ ತಕ್ಷಣ ಇಬ್ಬರೂ ರಾಜಿಯಾಗುತ್ತಾರೆ, ಯಾಕೆ ಜಗಳವಾಡಿದ್ದರು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಬ್ಬಳು ಪುಟ್ಟ ಮಗಳಿದ್ದಾಳೆ, ಕಳೆದುಹೋಗಲಿಕ್ಕೆಂದೇ ಹುಟ್ಟಿದವಳು. ಎಲ್ಲರ ಬಾಯಲ್ಲೂ "ಅದು ಬರ್ತಾ ಇದೆ", "ಅಲ್ಲಿ ನೋಡಿ", "ಓಡಿ ಓಡಿ" ಎಂಬ ಮಾತುಗಳೇ. ಇಷ್ಟು ಹೇಳಲು ವಿಜ್ಞಾನ ಯಾಕೆ ಓದಬೇಕಿತ್ತೋ ಕಾಣೆ.

ಹಾಳೆಗಳನ್ನು ಓದಿ ಮುಗಿಸಿ ಕಿರುಚಕ್ಕ ಮೇಷ್ಟ್ರನ್ನು ಕೇಳಿದಳು: "ಈಕೆಗೆ ಏನು ಬೇಕು?"

"ಬದುಕಬೇಕು."

"ಅದು ಇರುವೆಗೂ ಬೇಕು ಮೇಷ್ಟ್ರೇ. ಈಕೆಗೆ ಏನು ಬೇಕು?"

"ನಿನಗೆ ಯಾಕಮ್ಮ ಅದೆಲ್ಲ? ಬರೆದಿದ್ದನ್ನ ಹೇಳು."

"ಬರೆದಿದ್ರೆ ಹೇಳ್ತಿದ್ದೆ."

ನಮ್ಮ ಕೆಲಸದಲ್ಲಿ ಒಂದು ಸಂದು ಇದೆ. ಪರದೆಯ ಮೇಲೆ ತುಟಿ ಕಾಣುವಾಗ ನಮ್ಮ ಮಾತು ಆ ತುಟಿಗೆ ಹೊಂದಲೇಬೇಕು. ಆದರೆ ಪಾತ್ರ ಬೆನ್ನು ತಿರುಗಿಸಿದರೆ, ಕತ್ತಲಲ್ಲಿದ್ದರೆ, ಅಥವಾ ಪರದೆಯ ತುಂಬ ಪ್ರಾಣಿಯ ಪಾದವೇ ಇದ್ದರೆ ತುಟಿಯ ಕಾಟವಿಲ್ಲ. ಅಲ್ಲಿ ಒಂದಿಷ್ಟು ಮಾತು ತುಂಬಿದರೆ ಹಿಡಿಯುವವರಿಲ್ಲ. ನಾವು ಅದನ್ನು ಬೆನ್ನಿನ ಜಾಗ ಎನ್ನುತ್ತೇವೆ. ಸಾಮಾನ್ಯವಾಗಿ ಅಲ್ಲಿ ಒಂದು "ಹ್ಞೂಂ" ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಈ ಸಿನಿಮಾದಲ್ಲಿ ಮನುಷ್ಯರು ಹೆಚ್ಚಿನಂಶ ಪ್ರಾಣಿಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿಯೇ ನಿಂತಿದ್ದರು. ಬೆನ್ನಿನ ಜಾಗಕ್ಕೆ ಬರವೇ ಇರಲಿಲ್ಲ.

ಅವಳು ಆ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಮನೆಗೆ ಒಯ್ದಳು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು ಆ ವಿಜ್ಞಾನಿಗೆ ಒಂದು ಬದುಕು ಹೊಲಿದರು. ಕತ್ತಲ ಓಣಿಯೊಂದರಲ್ಲಿ ತಾಯಿ ಮಗಳ ಮುಂದೆ ಬಗ್ಗಿ ಕೂತು ಬೂಟಿನ ದಾರ ಕಟ್ಟುವ ದೃಶ್ಯವಿತ್ತು. ಹೊರಗೆ ಪ್ರಾಣಿ ದಾಟಿ ಹೋಗುತ್ತಿರುತ್ತದೆ. ಮೂಲದಲ್ಲಿ ಬರೀ ಉಸಿರಿನ ಸದ್ದು. ಸೊಸೆ ಅಲ್ಲಿಗೆ "ಹೆದರಬೇಡ ಮಗಳೇ, ನಾನಿದ್ದೀನಿ" ಎಂದು ಹಾಕಿದ್ದಳು. ಅತ್ತೆ ಒಪ್ಪಲಿಲ್ಲ. "ತಾನೇ ಹೆದರಿದ ತಾಯಿ ಹಂಗೆಲ್ಲ ಮಾತಾಡ್ತಾಳಾ? ಬೈತಾಳೆ" ಎಂದರಂತೆ. ಮರುದಿನ ಕಿರುಚಕ್ಕ ಮೈಕಿನ ಮುಂದೆ ತಗ್ಗಿದ ದನಿಯಲ್ಲಿ, "ಎಷ್ಟು ಸಲ ಹೇಳೋದು ನಿನಗೆ, ಎರಡು ಗಂಟು ಹಾಕ್ಕೋ ಅಂತ. ಕಾಲು ಕೊಡು. ಆ ಕಾಲಲ್ಲ. ನಿಮ್ಮಪ್ಪನ ಹಾಗೇ ನೀನೂ, ಯಾವಾಗಲೂ ಅರ್ಧಂಬರ್ಧ" ಎಂದಳು. ಆ ಹೆಂಗಸಿಗೆ ಒಬ್ಬ ಗಂಡನೂ, ಅವನ ಮೇಲೊಂದು ದೂರೂ, ಒಂದು ಮನೆಯೂ ಒಟ್ಟಿಗೆ ಬಂದುಬಿಟ್ಟಿದ್ದವು. ಮೇಷ್ಟ್ರು "ಮುಂದಿನದು" ಎಂದರು. ಅವರು ಬೈಯದೆ ಮುಂದಕ್ಕೆ ಹೋದರೆ ಒಪ್ಪಿದರು ಎಂದೇ ಅರ್ಥ.

ದಿನವೂ ಹೀಗೇ ನಡೆಯಿತು. ಬೆನ್ನಿನ ಜಾಗ ಬಂದಲ್ಲೆಲ್ಲ ಅವಳು ಒಂದು ಹಿಡಿ ಬದುಕು ಹಾಕುತ್ತ ಹೋದಳು. ಒಮ್ಮೊಮ್ಮೆ ಮೇಷ್ಟ್ರು "ಅತಿಯಾಯ್ತು" ಎಂದು ಕತ್ತರಿಸುತ್ತಿದ್ದರು. ಅವಳು ಬೇರೊಂದನ್ನು ತರುತ್ತಿದ್ದಳು. ಸಿನಿಮಾ ನೆಟ್ಟಗಾಗುವ ಜಾತಿಯದಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಅವಳ ಹಟ ನೋಡಿ ನನಗೂ ಹುರುಪು ಬಂತು.

ಕೊನೆಯ ದಿನ ಬಂತು. ಕಟ್ಟಕಡೆಯ ಹೊಡೆದಾಟದಲ್ಲಿ ಮಗಳು ಪ್ರಾಣಿಯ ಆಚೆ ಬದಿಗೆ ಸಿಕ್ಕಿಬಿದ್ದಿದ್ದಾಳೆ. ತಾಯಿಯ ಮುಖ ಪರದೆಯ ತುಂಬ, ತುಟಿ ಒಮ್ಮೆ ಕೂಡಿ, ಆಮೇಲೆ ಬಾಯಿ ಪೂರ್ತಿ ತೆರೆದು ಹಾಗೇ ನಿಲ್ಲುತ್ತದೆ. ಮೂಲದಲ್ಲಿ ಅದು ಕಿವಿ ಹರಿಯುವ ಕಿರುಚಾಟ.

"ಇದೊಂದು ಕಿರುಚು" ಎಂದರು ಮೇಷ್ಟ್ರು.

"ಕಿರುಚೋದಿಲ್ಲ ಅಂದಿದ್ದೆ."

"ಒಂದೇ ಒಂದು! ಪ್ರಾಣಿ ನೋಡಿ ಯಾರೂ ಕಿರುಚದಿದ್ರೆ ಪ್ರಾಣಿಗೇನು ಬೆಲೆ?"

"ಆಕೆ ಪ್ರಾಣೀನ ನೋಡ್ತಾನೇ ಇಲ್ಲ ಮೇಷ್ಟ್ರೇ. ಕಣ್ಣು ನೋಡಿ, ಮಗಳ ಮೇಲಿದೆ. ಆಕೆ ಕರೀತಾ ಇದಾಳೆ." ನನ್ನ ಕಡೆ ತಿರುಗಿ, "ಗಾಜಣ್ಣ, ಹಾಕು" ಎಂದಳು.

ಹಾಕಿದೆ. ತುಟಿ ಕೂಡಿತು, ತೆರೆಯಿತು. ಅವಳು "ಬಾ" ಎಂದಳು. ಬೀದಿಯ ತುದಿಯಲ್ಲಿ ಆಟದಲ್ಲಿ ಮುಳುಗಿದ ಮಗುವನ್ನು ಬಾಗಿಲಲ್ಲಿ ನಿಂತು ಕರೆಯುತ್ತಾರಲ್ಲ, ಹಾಗೆ; ಉದ್ದವಾಗಿ, ಗಂಟಲಿಗೆ ನೋವಾಗದಂತೆ, ಬಂದೇ ಬರುತ್ತಾಳೆ ಎಂಬ ನೆಚ್ಚಿಗೆಯಿಂದ. ನನ್ನ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಡುವುದೇನು.

ಮೇಷ್ಟ್ರ ಮುಖ ಮಾತ್ರ ಗಂಟಿಕ್ಕಿತು. ಮಧ್ಯಾಹ್ನ ಒಬ್ಬ ಹೊಸ ಹುಡುಗಿಯನ್ನು ಕರೆಸಿ ಅದೇ ಜಾಗಕ್ಕೆ ಕಿರುಚಿಸಿದರು. ಹುಡುಗಿ ಗಟ್ಟಿಯಾಗಿಯೇ ಕಿರುಚಿದಳು. ಆಮೇಲೆ ಕಿರುಚಕ್ಕನಿಗೆ ಹೇಳಿದರು: "ಎರಡನ್ನೂ ಕಳಿಸ್ತೀನಿ. ಸದ್ದುಗಳನ್ನೆಲ್ಲ ಬೆರೆಸೋದು ಹೊರಗಿನ ಕಂಪನಿಯವರು. ಅವರು ನಿನ್ನದನ್ನ ಆರಿಸಿದ್ರೆ ಅತ್ತಿಗೆ ಪಾತ್ರ ನಿಂದು. ಅವಳದನ್ನ ಆರಿಸಿದ್ರೆ ನಿನಗೂ ಮಾತಿಗೂ ದೂರ ಅಂತ ಒಪ್ಕೋಬೇಕು. ಥಿಯೇಟರಿನಲ್ಲೇ ಗೊತ್ತಾಗಲಿ."

ಸಿನಿಮಾ ಬಿಡುಗಡೆಯಾದ ಮೊದಲ ವಾರದಲ್ಲೇ ನಾಲ್ವರೂ ಹೋದೆವು: ಅವಳು, ಗಂಡ, ಅತ್ತೆ, ನಾನು. ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಅವಳಾಗಲಿ ನಾನಾಗಲಿ ನಾವು ಕೆಲಸ ಮಾಡಿದ ಸಿನಿಮಾವನ್ನು ಅದುವರೆಗೆ ಥಿಯೇಟರಿನಲ್ಲಿ ನೋಡಿದವರೇ ಅಲ್ಲ. ದಿನವಿಡೀ ತುಂಡು ತುಂಡಾಗಿ ನೋಡಿದ್ದನ್ನು ರಜೆಯಲ್ಲಿ ಇಡಿಯಾಗಿ ನೋಡಲು ಯಾರಿಗೆ ಬೇಕು? ಅಡುಗೆಯವರು ಮನೆಗೆ ಹೋಗಿ ತಣ್ಣೀರು ಕುಡಿದು ಮಲಗುವ ಹಾಗೆ ನಾವು. ನಮ್ಮ ದನಿಗಳು ಅಲ್ಲಿ ಹೇಗೆ ಕೇಳಿಸುತ್ತವೆ ಎಂದು ಹೋಗಿ ನೋಡಬೇಕೆಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ಅರ್ಧಕ್ಕರ್ಧ ಕುರ್ಚಿ ಖಾಲಿ. ಸಿನಿಮಾ ನೋಡಿದವರು ಬೇಡವೆಂದು ಆಗಲೇ ಊರಿಗೆಲ್ಲ ಸಾರಿದ್ದರು. ಪ್ರಾಣಿ ಬಂದಾಗ ಶಿಳ್ಳೆ, ಮನುಷ್ಯರು ಬಂದಾಗ ಆಕಳಿಕೆ. ಸೇತುವೆಯ ಮೇಲಿನ ರಾಜಿಗಂತೂ ಇಡೀ ಥಿಯೇಟರು ಗೊಳ್ಳೆಂದು ನಕ್ಕಿತು. ಕತ್ತಲ ಓಣಿ ಬಂತು. ಅತ್ತೆ ಮುಂದಕ್ಕೆ ಬಾಗಿದರು. ಪ್ರಾಣಿಯ ಹೆಜ್ಜೆ ಧಡ್ ಧಡ್ ಎಂದಿತು, ಕುರ್ಚಿಗಳು ನಡುಗಿದವು, ಅದರ ಮೇಲೆ ನೂರು ವಾದ್ಯಗಳ ಸಂಗೀತ. ಬೂಟಿನ ದಾರದ ಮಾತು ಒಂದಕ್ಷರವೂ ಕೇಳಲಿಲ್ಲ. ಉಳಿದ ಬೆನ್ನಿನ ಜಾಗಗಳೂ ಹಾಗೆಯೇ ಒಂದೊಂದಾಗಿ ಮುಳುಗಿದವು.

ಕೊನೆಗೆ ಆ ಮುಖ ಬಂತು. ಕಿರುಚಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ತುಟಿ ಕೂಡಿತು, ಬಾಯಿ ತೆರೆಯಿತು. ಸರಿಯಾಗಿ ಆಗಲೇ ಪ್ರಾಣಿ ಘರ್ಜಿಸಿತು. ಎದೆಯೊಳಗಿನ ಎಲುಬು ಅದುರುವಂಥ ಸದ್ದು. ಆ ಹೆಂಗಸಿನ ಬಾಯಿ ತೆರೆದೇ ಇತ್ತು, ಮುಚ್ಚಿತು. ಅವರು ಆರಿಸಿದ್ದು "ಬಾ" ಎಂಬುದನ್ನೋ ಕಿರುಚಾಟವನ್ನೋ ಗೊತ್ತಾಗಲಿಲ್ಲ. ದನಿ ಹಿಡಿಯುವುದೇ ಕಸುಬಾದ ನನ್ನ ಕಿವಿಗೂ ಗೊತ್ತಾಗಲಿಲ್ಲ.

ಅತ್ತೆ ಗಟ್ಟಿಯಾಗಿ ಕೇಳಿದರು: "ಏನಂದೆ ನೀನು ಅಲ್ಲಿ?"

ದೀಪ ಹತ್ತಿದ ಮೇಲೂ ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು. ಗಂಡ, "ಏಳು, ಹೋಗೋಣ" ಎಂದು ಭುಜ ಮುಟ್ಟಿದ. ಅವಳು ನನ್ನ ಕಡೆ ತಿರುಗಿ ಕೇಳಿದಳು. "ಗಾಜಣ್ಣ, ಹಿಂದಿನವೂ ಹಿಂಗೇನಾ?"

"ಗೊತ್ತಿಲ್ಲ ಅಕ್ಕ. ನಾನೂ ನೋಡಿಲ್ಲ."

"ನಾಳೆ ನೋಡೋಣ."

ಮರುದಿನ ಬೆಳಿಗ್ಗೆ ಮೇಷ್ಟ್ರು ಬರುವ ಮೊದಲೇ ಅವಳು ಸ್ಟುಡಿಯೋದಲ್ಲಿದ್ದಳು. ಮೇಷ್ಟ್ರು ಬಂದವರೇ, "ನೋಡಿದೆ ನಾನೂ. ಯಾರದು ಅಂತ ಗೊತ್ತಾಗಲಿಲ್ಲ. ಹಂಗಾಗಿ ತೀರ್ಮಾನ ಏನೂ ಆಗಿಲ್ಲ, ಸದ್ಯಕ್ಕೆ ಕಿರುಚಾಟದ ಕೆಲಸ ಒಂದು ಬಂದಿದೆ..." ಎಂದು ಶುರುಮಾಡಿದರು.

"ಕೂತ್ಕೊಳ್ಳಿ ಮೇಷ್ಟ್ರೇ. ಮೊದಲು ಹಳೇ ಸಿನಿಮಾ ಕೇಳೋಣ" ಎಂದಳು.

ಮೂವರೂ ಕೂತೆವು. ಥಿಯೇಟರಿಗೆ ಹೋದ ಹಳೆಯ ಪ್ರತಿಗಳು ನಮ್ಮ ಕಪಾಟಿನಲ್ಲೇ ಇದ್ದವು. ಮೊದಲು ಭೂಕಂಪದ್ದು ಹಾಕಿದೆ. ಅಣೆಕಟ್ಟು ಒಡೆದು ಊರು ಕೊಚ್ಚಿಹೋಗುವಾಗ ಅವಳು ಮೂರು ದಿನ ಕಿರುಚಿದ್ದು ನನಗೆ ನೆನಪಿತ್ತು. ನೀರಿನ ಸದ್ದು ಕೇಳಿಸಿತು, ಸಂಗೀತ ಕೇಳಿಸಿತು, ಹೆಲಿಕಾಪ್ಟರು ಕೇಳಿಸಿತು. ಬೆಂಕಿ ಬಿದ್ದ ಗೋಪುರದ್ದು ಹಾಕಿದೆ. ಬೆಂಕಿ ಕೇಳಿಸಿತು. ಮುಳುಗುವ ಹಡಗು ಹಾಕಿದೆ, ಅಲ್ಲಿ ಒಂದೆಡೆ ತೆಳ್ಳಗೆ ಏನೋ ಬಂದಂತಾಯಿತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆವು. ಅದು ಹಡಗಿನ ಸೀಟಿ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇನ್ನೊಂದು ಹಾಕು, ಇನ್ನೊಂದು ಹಾಕು ಎಂದು ಈಗ ಹೇಳುತ್ತಿದ್ದವರು ಅವರೇ. ಕಪಾಟು ಮುಗಿಯುತ್ತ ಬಂದರೂ ಅವಳು ಎಲ್ಲೂ ಸಿಗಲಿಲ್ಲ.

ನಾನು ಯಂತ್ರ ನಿಲ್ಲಿಸಿದೆ.

"ಇಷ್ಟು ವರ್ಷ ನಾನು ಯಾರಿಗೆ ಕಿರುಚಿದೆ ಮೇಷ್ಟ್ರೇ?" ಎಂದಳು. ದನಿ ಏರಿಸಲಿಲ್ಲ. "ನನ್ನ ಗಂಟಲಿನ ಗಂಟು ನಾನು ಕಣ್ಣಾರೆ ನೋಡಿದ್ದೀನಿ. ಅದು ಬಂದಿದ್ದು ಈ ಕೋಣೇಲಿ. ಹೊರಗಡೆ ಒಬ್ಬರ ಕಿವಿಗೂ ನಾನು ಬಿದ್ದಿಲ್ಲ. ಕಿರುಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹಂಗಿರುವಾಗ ನಾನಾಗಲಿ, ಮೊನ್ನೆ ಕರೆಸಿದ್ರಲ್ಲ, ಆ ಹುಡುಗಿಯಾಗಲಿ ಯಾಕೆ ಕಿರುಚಬೇಕು, ಹೇಳಿ."

ಮೇಷ್ಟ್ರು ಕೈಯಲ್ಲಿದ್ದ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸತೊಡಗಿದರು.

ಅವಳು ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡು ಕೂತಳು. "ಧಾರಾವಾಹೀಲಿ ಪ್ರಾಣಿ ಇಲ್ಲವಲ್ಲ?"

"ಇಲ್ಲ" ಎಂದರು ಮೇಷ್ಟ್ರು. "ಅತ್ತೆ, ಅತ್ತಿಗೆ, ಮೈದುನ. ಮನೆ ಜಗಳ."

"ಹಾಳೆ ಕೊಡಿ. ಕೊಡೋವರೆಗೆ ನಾನು ಏಳೋದಿಲ್ಲ."

ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾಯಿತು. ಯಾರೂ ಚಹಾಕ್ಕೆ ಏಳಲಿಲ್ಲ. ಅದು ನಿಂತ ಮೇಲೆ ಮೇಷ್ಟ್ರು ಮೇಜಿನ ಡ್ರಾಯರಿನಿಂದ ಅತ್ತಿಗೆಯ ಹಾಳೆಗಳನ್ನು ತೆಗೆದು ಅವಳ ಮುಂದಿಟ್ಟರು. ಮುಖ ಎತ್ತದೆಯೇ, "ಆ ಹುಡುಗೀನೂ ಬರೋಕೆ ಹೇಳು" ಎಂದು ನನಗೆ ಹೇಳಿದರು. "ನಾದಿನಿ ಪಾತ್ರ ಒಂದಿದೆ."

ಕಿರುಚಕ್ಕ ಥ್ಯಾಂಕ್ಸ್ ಹೇಳಲಿಲ್ಲ. ಮೊದಲ ಹಾಳೆಯನ್ನು ಮನಸ್ಸಿನಲ್ಲೇ ಓದಿಕೊಂಡಳು. ಎದ್ದು ಒಳಗೆ ಹೋಗಿ ಮೈಕಿನ ಮುಂದೆ ನಿಂತು ಗಾಜಿನಾಚೆಯಿಂದ ಕೈ ಎತ್ತಿದಳು. ನಾನು ಗುಂಡಿ ಒತ್ತಿದೆ. ಮನೆಯೊಳಗಿಂದ ಯಾರನ್ನೋ ಊಟಕ್ಕೆ ಕರೆಯುವ ಸಣ್ಣ ಮಾತು ಅದು. ಅವಳು ಹೇಳಿದಳು, ಅಕ್ಷರ ಅಕ್ಷರವೂ ಕೇಳಿಸಿತು.